ಪಿಎಲ್‌ಬಿ ಚೆನ್ನಾಗಿದೆ, ಅಪ್ಪ ಫೋನ್ ಎತ್ತಬೇಕಷ್ಟೆ

ಗದಗಿನವನು ಹಡಗಿನಲ್ಲಿ ಕೆಲಸ ಮಾಡುತ್ತಾನೆ ಅಂದರೆ ಊರಲ್ಲಿ ಈಗಲೂ ನಗುತ್ತಾರೆ. ಎಂಜಿನ್ ರೂಮಿನಲ್ಲಿ 9 ವರ್ಷ ಆಯ್ತು. ಹಡಗು ಮುಳುಗಿದರೆ ಅದರ ತುರ್ತು ಸಿಗ್ನಲ್ ಡಬ್ಬಿ, ಇಪಿಆರ್‌ಬಿ, ತಾನೇ ಬಿಡಿಸಿಕೊಂಡು ತೇಲಿ ಸಿಗ್ನಲ್ ಕೊಡುತ್ತದೆ. ನಾನೊಬ್ಬನೇ ನೀರಿಗೆ ಬಿದ್ದರೆ? ಅದಕ್ಕೇ ಕೈಯಿಂದ 25 ಸಾವಿರ ಹಾಕಿ ಪಿಎಲ್‌ಬಿ, ಅಂದರೆ ಒಬ್ಬೊಬ್ಬರೇ ಜೊತೆಗಿಟ್ಟುಕೊಳ್ಳುವ ತುರ್ತು ಸಿಗ್ನಲ್ ಡಬ್ಬಿ, ತಗೊಂಡೆ.

ನೋಡೋಕೆ ಸೋಪಿನ ಡಬ್ಬಿಯಷ್ಟು. ಮನೆಗೆ ತಂದ ಮಾರನೇ ದಿನ ಅವ್ವ ನಿಜಕ್ಕೂ ಬಚ್ಚಲಲ್ಲಿ ಇಟ್ಟಿದ್ದಳು.

ಆಂಟೆನಾ ಬಿಚ್ಚಿ ಬಟನ್ ಒತ್ತಿದರೆ ಸುಮಾರು 50 ಸೆಕೆಂಡಿಗೊಮ್ಮೆ 406 ಮೆಗಾಹರ್ಟ್ಸ್‌ನಲ್ಲಿ ಒಂದು ಕೂಗು. ಅದರಲ್ಲಿ ನನ್ನ ಡಬ್ಬಿಯ ನಂಬರು, ಜಿಪಿಎಸ್ ಜಾಗ ಎರಡೂ ಇರುತ್ತವೆ. ಉಪಗ್ರಹ ಅದನ್ನು ಕೇಳಿ ಕೆಳಗೆ ದಾಟಿಸುತ್ತದೆ, ಅಷ್ಟೇ ಅದರ ಕೆಲಸ. ನಮ್ಮ ಕಡೆ ಅದನ್ನು ಓದುವುದು ಬೆಂಗಳೂರಿನ ಇಸ್ರೋ ಕೇಂದ್ರ. ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಸುದ್ದಿ. ಹುಡುಕುವವರು ಹತ್ತಿರ ಬಂದ ಮೇಲೆ ಇದೇ ಡಬ್ಬಿಯ 121.5 ಮೆಗಾಹರ್ಟ್ಸ್‌ನ ಸಣ್ಣ ಸಿಗ್ನಲ್ ದಾರಿ ತೋರಿಸುತ್ತದೆ. ಬರೀ 121.5ರ ಹಳೇ ಡಬ್ಬಿ ಅಗ್ಗಕ್ಕೆ ಸಿಕ್ಕರೆ ಬಿಡಿ, 2009ರಿಂದ ಉಪಗ್ರಹಗಳು ಅದನ್ನು ಕೇಳುವುದೇ ಇಲ್ಲ.

ಬಟನ್ ಒತ್ತಿದ ಮೇಲೆ ಬ್ಯಾಟರಿ ಕನಿಷ್ಠ 24 ಗಂಟೆ ಬರುತ್ತದೆ. ಆದರೆ ಇದು ನೀರಿಗೆ ಬಿದ್ದ ತಕ್ಷಣ ತಾನೇ ಶುರುವಾಗಲ್ಲ, ನಾವೇ ಒತ್ತಬೇಕು. ಕೈ ಮರಗಟ್ಟಿದ್ದರೆ ಕಷ್ಟ. ಸಿಗ್ನಲ್ ಮುಟ್ಟಿತು ಅಂತ ತಿರುಗಿ ತಿಳಿಸುವ ಮಾದರಿಗಳೂ ಇವೆಯಂತೆ. ನನ್ನದರಲ್ಲಿ ಅದಿಲ್ಲ, ತಗೊಳ್ಳುವಾಗ ನೋಡಲಿಲ್ಲ.

ಸಿಟ್ಟು ಬಂದಿದ್ದು ಅಂಗಡಿಯವನ ಮೇಲೆ. ಡಬ್ಬಿಯ ನಂಬರಿನಲ್ಲಿ ಬೇರೆ ದೇಶದ ಕೋಡ್ ಹಾಕಿದ್ದನ್ನೇ ಕೊಟ್ಟು ಕಳಿಸಿದ್ದ. ಭಾರತದ್ದು 419. ಅದು ಸರಿಹೋಗದೆ ಇಲ್ಲಿ ನೋಂದಣಿ ಆಗಲ್ಲ, ಅದಕ್ಕೇ ಎರಡು ವಾರ ಅಲೆದೆ. ತಗೊಳ್ಳುವವರು ಬಿಲ್ ಮಾಡಿಸುವ ಮೊದಲೇ ಕೇಳಿಬಿಡಿ, ಬ್ಯಾಟರಿ ಮೇಲಿನ ತಾರೀಖನ್ನೂ ಓದಿ.

ನೋಂದಣಿಗೆ ಮನೆಯವರ ಫೋನ್ ನಂಬರ್ ಬೇಕು. ಸಿಗ್ನಲ್ ಬಂದರೆ ಆ ನಂಬರಿಗೆ ಕರೆ ಮಾಡಿ, ನಾನು ನಿಜವಾಗಿ ಸಮುದ್ರದಲ್ಲಿದ್ದೇನಾ, ಇಲ್ಲ ಡಬ್ಬಿ ಚೀಲದಲ್ಲಿ ಒತ್ತಿಕೊಂಡಿತಾ ಅಂತ ವಿಚಾರಿಸುತ್ತಾರೆ. ಅಪ್ಪನ ನಂಬರ್ ಕೊಟ್ಟೆ. 'ಬೆಂಗಳೂರಿಂದ ಯಾವುದೇ ಹೊಸ ನಂಬರ್ ಬಂದ್ರೂ ಎತ್ತಪ್ಪ' ಅಂದೆ.

'ಅವ್ರು ಸಾಲ ಬೇಕೇನ್ರಿ ಅನ್ನೋರು ಇರ್ತಾರ. ನಾ ಎತ್ತೂದಿಲ್ಲ' ಅಂದರು.

ಈಗ ಹುಬ್ಬಳ್ಳಿಯ ತಂಗಿಯ ನಂಬರ್ ಮೊದಲು, ಅಪ್ಪನದು ಎರಡನೇದು. ಅವರಿಗೆ ಹೇಳಿಲ್ಲ.