ಸ್ನಾತಕೋತ್ತರ ಮನೋವಿಜ್ಞಾನದಲ್ಲಿ ಅಧ್ಯಾಪಕರ ಮಾರ್ಗದರ್ಶನ: ಪಡೆಯುತ್ತಿರುವವರ ಅಭಿಪ್ರಾಯ

ನಾನು ಓದುತ್ತಿರುವ ಮನೋವಿಜ್ಞಾನ ವಿಭಾಗದಲ್ಲಿ ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೂ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರನ್ನಾಗಿ ಗೊತ್ತುಮಾಡುತ್ತಾರೆ. ಪ್ರಬಂಧಕ್ಕೆ ಸಹಿ ಹಾಕಿಸಿಕೊಳ್ಳುವ ಏರ್ಪಾಡು ಇದೆಂದು ಹಲವರು ಭಾವಿಸುತ್ತಾರೆ. ಆದರೆ ಮಾರ್ಗದರ್ಶಕರು ನಮ್ಮ ಕೆಲಸವನ್ನು ಎಷ್ಟು ಹತ್ತಿರದಿಂದ ನೋಡುತ್ತಾರೆ ಎಂಬುದರ ಮೇಲೆಯೇ ಇದರ ಬೆಲೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಮಾರ್ಗದರ್ಶಕರು ಫಲಿತಾಂಶದ ಕೋಷ್ಟಕ ನೋಡುವುದಕ್ಕೆ ಮೊದಲು ಮೂಲ ದತ್ತಾಂಶದ ಫೈಲನ್ನೇ ತೆರೆಸುತ್ತಾರೆ. ಆತಂಕವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ‘ನಾನು ನೆಮ್ಮದಿಯಾಗಿದ್ದೇನೆ’ ಎಂಬಂಥ ಹೇಳಿಕೆಗಳಿದ್ದರೆ, ಹೆಚ್ಚು ಅಂಕವೆಂದರೆ ಹೆಚ್ಚು ಆತಂಕ ಎಂದಾಗುವಂತೆ ಅವುಗಳ ಅಂಕಗಳನ್ನು ತಿರುವು ಮಾಡಿದ್ದೇವೆಯೇ ಎಂದು ಸಾಲುಸಾಲಾಗಿ ಪರಿಶೀಲಿಸಿದ ಮೇಲೆಯೇ ಕ್ರಾನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ, ಲೆಕ್ಕ ಹಾಕಲು ಬಿಡುತ್ತಾರೆ. ಹಾಗೆ ಮಾಡದಿದ್ದರೆ ಆಲ್ಫಾ ಕುಸಿದು, ಒಳ್ಳೆಯ ಮಾಪಕವೂ ನಂಬಲರ್ಹವಲ್ಲದಂತೆ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯ ಪಕ್ಕದಲ್ಲಿ ಕುಳಿತು ತೋರಿಸುವವರಿದ್ದಾಗ ಮಾತ್ರ ಕೈಗೆ ಹತ್ತುತ್ತದೆ.

ಲೇಖಕತ್ವದ ಮಾತನ್ನು ಅವರು ಮೊದಲ ಭೇಟಿಗಳಲ್ಲೇ ಎತ್ತಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಪಿಎಚ್.ಡಿ. ಮಹಾಪ್ರಬಂಧವನ್ನೇ ಮುಖ್ಯವಾಗಿ ಆಧರಿಸಿ ಹಲವರು ಸೇರಿ ಬರೆದ ಲೇಖನದಲ್ಲಿ, ಅಪವಾದದ ಸಂದರ್ಭಗಳನ್ನು ಬಿಟ್ಟರೆ, ವಿದ್ಯಾರ್ಥಿಯ ಹೆಸರೇ ಮೊದಲು ಬರಬೇಕೆಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆಯ 8.12ನೇ ನಿಯಮ ಹೇಳುತ್ತದೆ. ಈ ಚರ್ಚೆ ಆದಷ್ಟು ಬೇಗ ಆಗಬೇಕೆಂದೂ ಅದರಲ್ಲಿದೆ. ನಮ್ಮದು ಸ್ನಾತಕೋತ್ತರ ಹಂತದ ಪ್ರಬಂಧವಾದರೂ ಅವರು ಅದೇ ನ್ಯಾಯವನ್ನು ಪಾಲಿಸುತ್ತಾರೆ.

ಕೊರತೆ ಇರುವುದು ಮಾರ್ಗದರ್ಶಕರ ಹಂಚಿಕೆಯಲ್ಲಿ. ಮಾರ್ಗದರ್ಶನಕ್ಕೆ ವೃತ್ತಿಯ ಬೆಳವಣಿಗೆ ಮತ್ತು ಮಾನಸಿಕ-ಸಾಮಾಜಿಕ ಆಸರೆ ಎಂಬ ಎರಡು ಕೆಲಸಗಳಿವೆಯೆಂದು ಮಾರ್ಗದರ್ಶನದ ಸಂಬಂಧಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಕ್ಯಾಥಿ ಕ್ರಾಮ್ 1985ರಲ್ಲೇ ವಿವರಿಸಿದ್ದರೂ, ವಿಭಾಗವು ಸಂಶೋಧನಾ ವಿಷಯವೊಂದನ್ನೇ ನೋಡಿ ಜೋಡಿ ಮಾಡುತ್ತದೆ. ಹೊಂದಾಣಿಕೆಯಾಗದಿದ್ದರೆ ಬದಲಾವಣೆಯ ಅರ್ಜಿಗೆ ಅದೇ ಮಾರ್ಗದರ್ಶಕರ ಸಹಿ ಬೇಕು. ಅಂಕ ಕೊಡುವವರ ಎದುರೇ ಇಂಥ ಅರ್ಜಿ ಹಿಡಿದು ನಿಲ್ಲುವ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗೆ ಇದ್ದೀತು? ವಿಭಾಗದ ಬೇರೊಬ್ಬ ಹಿರಿಯರು ಈ ಅರ್ಜಿಗಳನ್ನು ಗೌಪ್ಯವಾಗಿ ಪಡೆಯುವಂತಾಗಬೇಕು.

ಮನಸ್ಸು ಕುಗ್ಗಿದ ವಿದ್ಯಾರ್ಥಿಗೆ ತಾವೇ ಚಿಕಿತ್ಸಕರಾಗಲು ಹೋಗದೆ, ಹೊರಗಿನ ಆಪ್ತಸಮಾಲೋಚಕರ ಬಳಿಗೆ ಕಳುಹಿಸುವ ವಿವೇಕ ಇಲ್ಲಿನ ಅಧ್ಯಾಪಕರಲ್ಲಿದೆ. ಸೇರಬಯಸುವವರು ಕರಡು ಎಷ್ಟು ದಿನಕ್ಕೆ ಮರಳಿ ಬರುತ್ತದೆ, ಒಬ್ಬ ಮಾರ್ಗದರ್ಶಕರ ಬಳಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಈಗಿನ ವಿದ್ಯಾರ್ಥಿಗಳಲ್ಲಿ ವಿಚಾರಿಸಿಯೇ ತಮಗೆ ಬೇಕಾದ ಮಾರ್ಗದರ್ಶಕರ ಹೆಸರು ಸೂಚಿಸಲಿ.