ಮಣ್ಣಿನ ಬ್ಲಾಕ್ ಮನೆ, ಎಎಸಿ ಬ್ಲಾಕ್ ಮನೆ: ಅಕ್ಕಪಕ್ಕದಲ್ಲಿ ಮೂರು ಬೇಸಿಗೆ

ಚಿತ್ರದುರ್ಗದಲ್ಲಿ ಅಪ್ಪ ಬಿಟ್ಟುಹೋದ ನಿವೇಶನವನ್ನು ನಾನೂ ತಮ್ಮನೂ ಹಂಚಿಕೊಂಡು ಒಂದೇ ವರ್ಷ ಮನೆ ಕಟ್ಟಿದೆವು. ನಕ್ಷೆ ಒಂದೇ, ಮೇಸ್ತ್ರಿ ಒಬ್ಬರೇ, ಬಾಗಿಲು ಎರಡಕ್ಕೂ ಮೂಡಣಕ್ಕೆ. ಗೋಡೆ ಮಾತ್ರ ಬೇರೆ. ನನ್ನದು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್, ಅವನದು ಕಾರ್ಖಾನೆಯಿಂದ ಬಂದ, ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್. ಕರೆಂಟ್ ಹೆಚ್ಚು ಖರ್ಚಾಗದೆ ಬೇಸಿಗೆ ಕಳೆಯಬೇಕೆಂಬ ಆಸೆ ಇಬ್ಬರಿಗೂ ಇತ್ತು. ದಾರಿಯ ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಮೂರು ಬೇಸಿಗೆ ಕಳೆದಿವೆ. ಹೋದ ಏಪ್ರಿಲ್‌ನಲ್ಲಿ ಒಂದು ವಾರ ಮನೆಗಳನ್ನೇ ಅದಲುಬದಲು ಮಾಡಿಕೊಂಡು ಇದ್ದು ನೋಡಿದೆವು.

ಮಣ್ಣಿನ ಬ್ಲಾಕ್ ನಮ್ಮ ನಾಡಿನಲ್ಲೇ ಪಳಗಿದ ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ದುಡಿದರು. ಸುಡುವ ಕೆಲಸವೇ ಇಲ್ಲದ್ದರಿಂದ ಗೂಡಿಗೆ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ನಾನು ಪಾಯ ತೋಡಿದಾಗ ಬಂದ ಕೆಂಪು ಮಣ್ಣನ್ನೇ ಬಳಸಿದೆ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮೊದಲು ಮರಳು ತಳ ಸೇರುತ್ತದೆ, ಜೇಡಿ ಮೇಲೆ ನಿಲ್ಲುತ್ತದೆ. ನಮ್ಮದರಲ್ಲಿ ಜೇಡಿ ಹೆಚ್ಚಾಗಿ ಕಂಡಿತು. ಮರಳು ಸೇರಿಸಿ, ಜರಡಿ ಹಿಡಿದು, ನೂರಕ್ಕೆ 7 ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿಸಿದೆವು. ಆಮೇಲೆ ಮೂರು ವಾರ ಗೋಣಿಚೀಲ ಹೊದಿಸಿ ನೀರುಣಿಸುವ ಕೆಲಸ. ಅಮ್ಮ ದಿನಾ ಬೆಳಿಗ್ಗೆ ಎದ್ದವರೇ ಮೊದಲು ಗೋಣಿ ಮುಟ್ಟಿ ನೋಡುತ್ತಿದ್ದರು. ಎರೆ ಮಣ್ಣಿನ ಸೀಮೆಯವರು ಇದಕ್ಕೆ ಕೈ ಹಾಕಬೇಡಿ. ಅದು ಒಣಗಿದರೆ ಬಿರಿಯುತ್ತದೆ.

ಬ್ಲಾಕ್ ಒತ್ತುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ತಮ್ಮನ ಗೋಡೆ ಎದ್ದು ನಿಂತಿತ್ತು. ಎಎಸಿ ಎಂದರೆ ಹಾರುಬೂದಿ, ಸುಣ್ಣ, ಸಿಮೆಂಟಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಹಾಕಿ ಉಬ್ಬಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿದ್ದು. ಒಳಗೆಲ್ಲ ಗಾಳಿಯ ಗುಳ್ಳೆ. ಮುರಿದ ತುಂಡೊಂದನ್ನು ತಮ್ಮ ಬಕೆಟ್‌ಗೆ ಹಾಕಿ ತೋರಿಸಿದ: ಇಡ್ಲಿಯಂತೆ ತೂತುತೂತಾದ ಆ ತುಂಡು ನೀರಿನ ಮೇಲೆ ತೇಲುತ್ತಿತ್ತು. ಸುಟ್ಟ ಇಟ್ಟಿಗೆಯ ಮೂಲಕ ಹರಿಯುವ ಶಾಖದ ಸುಮಾರು ನಾಲ್ಕನೇ ಒಂದು ಪಾಲು ಮಾತ್ರ ಇದರಲ್ಲಿ ಹರಿಯುತ್ತದೆ. ಲೆಕ್ಕದ ಪ್ರಕಾರ ಅವನ ಮನೆಯೇ ತಂಪಾಗಿರಬೇಕಿತ್ತು.

ಮೊದಲ ಬೇಸಿಗೆ ಇಬ್ಬರಿಗೂ ಪಾಠ ಕಲಿಸಿತು. ರಾತ್ರಿ ಎಂಟಕ್ಕೆ ಅವನ ನಡುಮನೆಯಲ್ಲಿ ಸ್ಟೂಲ್ ಹತ್ತಿ ತಾರಸಿಯ ಒಳಮೈಗೆ ಅಂಗೈ ಇಟ್ಟೆ. ಆಗ ತಾನೇ ಇಳಿಸಿದ ರೊಟ್ಟಿ ಹೆಂಚಿನ ಹತ್ತಿರ ಕೈ ಹಿಡಿದಂತಿತ್ತು. ನನ್ನ ತಾರಸಿ ಮಂಗಳೂರು ಹೆಂಚುಗಳನ್ನು ಜೋಡಿಸಿಟ್ಟು, ಅವುಗಳ ನಡುವೆ ಮತ್ತು ಮೇಲೆ ಕಾಂಕ್ರೀಟ್ ಸುರಿದ ಫಿಲ್ಲರ್ ಸ್ಲ್ಯಾಬ್. ಕಾಂಕ್ರೀಟ್ ಉಳಿಯಿತು, ನೋಡಲು ಚೆಂದವೂ ಇದೆ. ಆದರೆ ಹೆಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಗಳು ಬಿಸಿಲನ್ನು ನೇರ ಕೆಳಗಿಳಿಸುತ್ತವೆ. ತಂಪಿನ ವಿಷಯದಲ್ಲಿ ಅದರ ಬಗ್ಗೆ ಹೇಳುವಷ್ಟು ಲಾಭ ನನಗೆ ಕಾಣಲಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಮನೆಗಳ ಇಂಧನ ಉಳಿತಾಯಕ್ಕೆಂದು ತಂದ ‘ಇಕೋ ನಿವಾಸ್ ಸಂಹಿತೆ’ ತಾರಸಿಯಿಂದ ಶಾಖ ಇಳಿಯುವ ಪ್ರಮಾಣಕ್ಕೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟ್ ಎಂಬ ಮಿತಿ ಇಟ್ಟಿತು. ಬರಿಯ ಕಾಂಕ್ರೀಟ್ ತಾರಸಿ ಅದರ ಎರಡೂವರೆ, ಮೂರು ಪಟ್ಟು ಇಳಿಸುತ್ತದೆ. ಒಂದಂತಸ್ತಿನ ಮನೆಗೆ ಇಡೀ ದಿನದ ಬಿಸಿಲು ಬೀಳುವುದೇ ನೆತ್ತಿಯ ಮೇಲೆ. ನಾವು ಮಾತ್ರ ವರ್ಷವಿಡೀ ಗೋಡೆಯ ಬಗ್ಗೆ ವಾದ ಮಾಡಿದ್ದೆವು! ಎರಡನೇ ಬೇಸಿಗೆಗೆ ಮೊದಲು ಎರಡೂ ತಾರಸಿಗಳ ಮೇಲೆ ಸುಣ್ಣದ ಗಾರೆಯಲ್ಲಿ ಒಡೆದ ಬಿಳಿ ಟೈಲ್ಸ್ ಚೂರು ಕೂರಿಸಿದೆವು. ಎರಡೂ ಮನೆಯಲ್ಲಿ ಸಂಜೆಯ ಧಗೆ ಇಳಿಯಿತು. ಗೋಡೆಗಳ ನಿಜವಾದ ವ್ಯತ್ಯಾಸ ಗೊತ್ತಾದದ್ದು ಅದಾದ ಮೇಲೆಯೇ.

ಅದಲುಬದಲಿನ ವಾರದಲ್ಲಿ ಒಂದೇ ಥರ್ಮಾಮೀಟರ್ ಹಿಡಿದು ಎರಡೂ ಮನೆ ಓಡಾಡಿದೆ. ಹೊರಗೆ 37 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿಟ್ಟಾಗ ಎರಡರಲ್ಲೂ 31ರ ಆಸುಪಾಸು. ಮರುದಿನ ಎರಡೂ ಕಡೆ ಕಿಟಕಿ ತೆರೆದಿಟ್ಟೆವು. ತಮ್ಮನ ಮನೆ ಊಟದ ಹೊತ್ತಿಗೆ 34 ಮುಟ್ಟಿತು, ನನ್ನದು 32ರಲ್ಲಿ ನಿಂತಿತು. ಹಗುರ ಗೋಡೆಗೆ ಶಾಖ ಹೀರಿ ಹಿಡಿದಿಡುವ ಶಕ್ತಿ ಕಡಿಮೆ. ಹೊರಗಿನ ಗಾಳಿ ಬಿಸಿಯಾದ ಹಾಗೇ ಒಳಗಿನದೂ ಬಿಸಿಯಾಗುತ್ತದೆ. ತೂಕದ ಮಣ್ಣಿನ ಗೋಡೆ ರಾತ್ರಿಯ ತಂಪನ್ನು ಮಧ್ಯಾಹ್ನದವರೆಗೆ ಕಾದಿಡುತ್ತದೆ. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳು ಬೇಸಿಗೆಯಲ್ಲೂ ತಣ್ಣಗಿದ್ದದ್ದು ಇದೇ ಗುಣದಿಂದ.

ಆ ಗುಣವೇ ಪಡುವಣ ಕೋಣೆಯಲ್ಲಿ ನನ್ನನ್ನು ಕಾಡಿತು. ಮೂರು ಗಂಟೆಯ ಬಿಸಿಲು ಕುಡಿದ ಒಂಬತ್ತು ಇಂಚಿನ ಗೋಡೆ ಅದನ್ನು ಒಳಗೆ ಬಿಡುವುದು ರಾತ್ರಿ ಹತ್ತರ ಸುಮಾರಿಗೆ, ಮಲಗುವ ವೇಳೆಗೆ ಸರಿಯಾಗಿ. ತಮ್ಮನ ಪಡುವಣ ಕೋಣೆಯಲ್ಲಿ ಆ ಹೊತ್ತಿಗೆ ಸುಖ ನಿದ್ದೆ. ನಾನು ಗೋಡೆಯಿಂದ ಎರಡಡಿ ಬಿಟ್ಟು ತಂತಿ ಕಟ್ಟಿ ತೊಂಡೆ ಬಳ್ಳಿ ಹಬ್ಬಿಸಿದೆ. ಹೊಂಗೆ ಸಸಿಯನ್ನೂ ನೆಟ್ಟಿದ್ದೇನೆ. ಬಳ್ಳಿ ತುಂಬಿದ ಮೇಲೆ ರಾತ್ರಿ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುವುದಿಲ್ಲ. ಉತ್ತರದ ಕಿಟಕಿಗೆ ಸಜ್ಜ ಬೇಡ ಎನ್ನುವವರ ಮಾತನ್ನೂ ಕೇಳಬೇಡಿ. ನಮ್ಮೂರಿನಲ್ಲಿ ಏಪ್ರಿಲ್ ಕೊನೆಗೆ ನೆತ್ತಿಗೆ ಬರುವ ಸೂರ್ಯ ಮೇ, ಜೂನ್, ಜುಲೈನಲ್ಲಿ ಉತ್ತರಕ್ಕೇ ವಾಲಿರುತ್ತಾನೆ.

ತಮ್ಮನ ಮನೆಯಲ್ಲಿ ಏಸಿ ಇದೆ. ಹಾಕಿದ ಸ್ವಲ್ಪ ಹೊತ್ತಿಗೇ ಕೋಣೆ ತಂಪಾಗುತ್ತದೆ, ಏಕೆಂದರೆ ಅದು ಗೋಡೆಯನ್ನು ತಣಿಸುವ ಕೆಲಸ ಮಾಡಬೇಕಿಲ್ಲ. ಏಸಿ ನಂಬಿ ಕಿಟಕಿ ಮುಚ್ಚಿ ಬದುಕುವವರಿಗೆ ಎಎಸಿ ಗೋಡೆಯೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ. ಕಿಟಕಿ ತೆರೆದು ಮಲಗುವ, ಹಗಲು ಜನ ಓಡಾಡುವ ಮನೆಗೆ ಮಣ್ಣೇ ಸರಿ. ನಾನು ಕರೆಂಟ್ ಉಳಿಸುವ 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗಳಲ್ಲೇ ಮೂರು ಬೇಸಿಗೆ ಕಳೆದಿದ್ದೇನೆ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತಿತ್ತು.

ಉಳಿದ ತಾಪತ್ರಯಗಳು ಇಬ್ಬರಿಗೂ ಇವೆ. ಎಎಸಿ ಗೋಡೆಗೆ ಸಾದಾ ಮೊಳೆ ನಿಲ್ಲುವುದಿಲ್ಲ. ಅವನ ಅಡುಗೆಮನೆಯ ಶೆಲ್ಫ್ ಒಮ್ಮೆ ಕಳಚಿ ಬಿದ್ದು, ವಿಶೇಷ ಬೋಲ್ಟ್ ತರಿಸಬೇಕಾಯಿತು. ಕಾಲಂ ಮತ್ತು ಬ್ಲಾಕ್ ಕೂಡುವಲ್ಲಿ ಜಾಲರಿ ಹಾಕದ ಕಡೆ ಗಿಲಾವು ಬಿರುಕು ಬಿಟ್ಟಿದೆ. ನನ್ನ ಗೋಡೆಯ ಕೆಳಗಿನ ಎರಡು ವರಸೆ ಮಳೆಯ ಎರಚಲಿಗೆ ಸವೆದಿದೆ. ಗೋಡೆಯ ಕೆಳಗಿನ ಕಲ್ಲಿನ ಅಡಿಪಾಯವನ್ನು ಇನ್ನೊಂದಡಿ ಎತ್ತಿಸಿದ್ದರೆ ತಪ್ಪುತ್ತಿತ್ತು.

ಈಗ ತಂಗಿ ಹಿರಿಯೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ನಾವಿಬ್ಬರೂ ಕೂತು ನಕ್ಷೆ ತಿದ್ದಿಕೊಟ್ಟೆವು: ಮೂರು ಕಡೆ ಮಣ್ಣಿನ ಬ್ಲಾಕ್, ಪಡುವಣಕ್ಕೆ ಎಎಸಿ, ಕೂಡುವ ಮೂಲೆಗಳಲ್ಲಿ ಕಾಂಕ್ರೀಟ್ ಕಂಬ, ತಾರಸಿಗೆ ಮೊದಲ ದಿನದಿಂದಲೇ ಬಿಳಿ ಚೂರು. ಬಾಟಲಿಯಲ್ಲಿ ಅವಳ ನಿವೇಶನದ ಮಣ್ಣು ಕುಲುಕಿ ಇಟ್ಟಿದ್ದೇನೆ. ಜೇಡಿ ಇನ್ನೂ ಪೂರ್ತಿ ಕೂತಿಲ್ಲ.