ಅಗ್ಗದ ಡ್ರಿಲ್ ಮತ್ತು ಬಾಡಿಗೆ ಬ್ರೇಕರ್: ಎರಡೂ ಬಳಸಿದ ಮೇಲೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಮನೆ. ಒಂದೊಂದೇ ಕೋಣೆ ರಿಪೇರಿ ಮಾಡಿಸುತ್ತಾ ಎರಡು ಮಳೆಗಾಲ ಕಳೆದಿವೆ. ಅಗ್ಗದ ಟೂಲ್ ಸೆಟ್ ಮನೆಯಲ್ಲೇ ಇದೆ, ಹುಬ್ಬಳ್ಳಿಯಿಂದ ದೊಡ್ಡ ಮಶೀನುಗಳನ್ನು ಬಾಡಿಗೆಗೂ ತಂದಿದ್ದೇವೆ. ಕಾಂಕ್ರೀಟ್ ಒಡೆಯುವ, ಕೊರೆಯುವ ಕೆಲಸಕ್ಕೆ ಅಗ್ಗದ ಮಶೀನ್ ಕೊಳ್ಳಲೇಬೇಡಿ. ಒಳ್ಳೆಯದನ್ನು ಬಾಡಿಗೆಗೆ ತನ್ನಿ.

ಅಗ್ಗದ ಡ್ರಿಲ್ ಇಟ್ಟಿಗೆ ಗೋಡೆಗೆ ಸಾಕು. ಕರ್ಟನ್ ರಾಡು, ಸ್ವಿಚ್ ಬೋರ್ಡಿಗೆ ಇವತ್ತಿಗೂ ಅದೇ ನಡೆಯುತ್ತಿದೆ. ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ಲಿಂಟಲ್‌ಗೆ ಹಚ್ಚಿದರೆ ಮಾತ್ರ ಸುಸ್ತಾಗುತ್ತದೆ. ಬಿಟ್ (ಕೊರೆಯುವ ಕಡ್ಡಿ) ತುದಿ ನೀಲಿಗಟ್ಟುತ್ತದೆ, ಮೋಟಾರಿನಿಂದ ಸುಟ್ಟ ವಾಸನೆ ಬರುತ್ತದೆ, ತೂತು ಉಗುರಿನಷ್ಟೂ ಆಳ ಹೋಗುವುದಿಲ್ಲ. ಇಂಥ ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಉಜ್ಜಿಕೊಂಡು ಸಣ್ಣ ಸಣ್ಣ ಪೆಟ್ಟು ಕೊಡುತ್ತವೆ, ಒತ್ತುವ ಬಲವೆಲ್ಲ ನಮ್ಮದೇ. ಕಾಂಕ್ರೀಟ್ ಕೊರೆಯುವ ರೋಟರಿ ಹ್ಯಾಮರಿನಲ್ಲಿ ಹಾಗಲ್ಲ. ಅದರಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್ಟಿಗೆ ಹೊಡೆತ ಕೊಡುತ್ತದೆ. ನೆಟ್ಟಗೆ ಹಿಡಿದರೆ ಸಾಕು, ಬಿಟ್ ತಾನೇ ಇಳಿಯುತ್ತದೆ. ಅದಕ್ಕೆ ಬುಡದಲ್ಲಿ ಕಚ್ಚು ಇರುವ ಎಸ್‌ಡಿಎಸ್ ಬಿಟ್ಟೇ ಬೇಕು, ಸಾದಾ ಬಿಟ್ ಕೂರುವುದಿಲ್ಲ.

ಬಚ್ಚಲಮನೆ ನೆಲ ಕೀಳಲು ಬ್ರೇಕರ್, ಅಂದರೆ ಕಾಂಕ್ರೀಟ್ ಒಡೆಯುವ ಮಶೀನ್, ಬಾಡಿಗೆಗೆ ತಂದೆವು. ಒಳ್ಳೆಯ ಕಂಪನಿಯದು ಕೊಳ್ಳಲು ಹೋದರೆ ಹತ್ತಾರು ಸಾವಿರ, ಆಮೇಲೆ ಅದಕ್ಕೆ ಮನೆಯಲ್ಲಿ ಕೆಲಸವೇ ಇರುವುದಿಲ್ಲ ಅಲ್ವಾ? ಚಾಣ, ಸುತ್ತಿಗೆಯಲ್ಲಿ ಎರಡು ದಿನ ಬೇಕು ಎಂದು ಗೌಂಡಿ ಹೇಳಿದ್ದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಬಾಡಿಗೆಯಲ್ಲೂ ಹುಷಾರಾಗಿರಬೇಕು. ಅಂಗಡಿಯಲ್ಲೇ ಪ್ಲಗ್ ಹಾಕಿ ಓಡಿಸಿ ನೋಡಿ. ಮೋಟಾರಿಗೆ ಕರೆಂಟ್ ಕೊಡುವ ಕಾರ್ಬನ್ ಬ್ರಶ್ ಹತ್ತಿರ ಕಿಡಿ ಜಾಸ್ತಿ ಹಾರುತ್ತಿದ್ದರೆ ಬೇರೆ ಮಶೀನ್ ಕೇಳಿ. ತರುವಾಗಲೇ ಫೋಟೋ ತೆಗೆದಿಡಿ. ಒಂದು ಅಂಗಡಿಯವರು ಮೊದಲೇ ಇದ್ದ ಬಿರುಕಿಗೆ ನಮ್ಮ ಡಿಪಾಸಿಟ್‌ನಲ್ಲಿ ದುಡ್ಡು ಹಿಡಿದರು. ಅದು ಅನ್ಯಾಯ, ಅಲ್ಲಿಗೆ ಮತ್ತೆ ಹೋಗಿಲ್ಲ.

ಇನ್ನೊಂದು ವಿಷಯ ಕರೆಂಟ್. 1500 ವ್ಯಾಟ್ ಬ್ರೇಕರ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಣ್ಣ ಸಾಕೆಟ್ಟಿಗೆ ಹಾಕಬೇಡಿ, 16 ಆಂಪಿಯರ್ ಪಾಯಿಂಟ್ ಬಳಸಿ. ಎಕ್ಸ್‌ಟೆನ್ಶನ್ ವೈರ್ ದಪ್ಪ ಇರಲಿ. ಕರೆಂಟ್ ಹೋದರೂ ಬಾಡಿಗೆ ಓಡುತ್ತಲೇ ಇರುತ್ತದೆ, ಹಿಂದಿನ ದಿನ ಪೇಪರ್‌ನಲ್ಲಿ ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಪ್ರಕಟಣೆ ನೋಡಿಕೊಳ್ಳಿ. ಒಡೆಯುವ ಕೆಲಸವನ್ನೆಲ್ಲ ಒಂದೇ ದಿನಕ್ಕೆ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ.

ಕರಣಿ, ಚಾಣ, ಸುತ್ತಿಗೆ ಬಾಡಿಗೆಗೆ ತರುವಂಥವಲ್ಲ, ಸುಮ್ನೆ ಕೊಂಡುಬಿಡಿ. ಡಿಸ್ಕ್ ತಿರುಗಿಸಿ ಕೊಯ್ಯುವ ಗ್ರೈಂಡರ್ ಕೂಡ ಕೊಳ್ಳಿ, ಆದರೆ ಅಗ್ಗದ್ದು ಬೇಡ. ಟೈಲ್ಸ್, ಪೈಪು, ಕಬ್ಬಿಣ ಅಂತ ಪದೇ ಪದೇ ಬೇಕಾಗುತ್ತದೆ. ನಾಲ್ಕು ಇಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನಮ್ಮ ಸೆಟ್ಟಿನಲ್ಲಿ ಬಂದ ಗ್ರೈಂಡರಿನ ಗಾರ್ಡ್ (ಡಿಸ್ಕಿಗೆ ಅಡ್ಡ ಇರುವ ಕವಚ) ಕೈಯಲ್ಲಿ ಹಿಡಿದರೇ ಅಲ್ಲಾಡುತ್ತಿತ್ತು, ಅದನ್ನು ಬಳಸಲು ಯಾರಿಗೂ ಬಿಡಲಿಲ್ಲ. ಡಿಸ್ಕ್ ಮೇಲೆ ಬರೆದ ಸ್ಪೀಡ್ ಮಶೀನಿನ ಸ್ಪೀಡಿಗಿಂತ ಕಮ್ಮಿ ಇದ್ದರೆ ಹಾಕಲೇಬೇಡಿ. ಗಾರ್ಡ್ ಬಿಚ್ಚಿ ಕೊಯ್ಯುವ ಕೆಲಸಗಾರರು ಬಹಳ ಜನ ಇದ್ದಾರೆ. ನಿಮ್ಮ ಮನೆಯಲ್ಲಿ ಅದಕ್ಕೆ ಒಪ್ಪಬೇಡಿ, ಕಣ್ಣಿಗೆ ಕನ್ನಡಕ ನೀವೇ ತಂದುಕೊಡಿ.